ಎದೆಗೆ ಹತ್ತಿದ ಹುಳ

ಐಮಂಗಲ ದಾಟುವಾಗ ಅಣ್ಣ ಟವೆಲ್ಲಿಗೆ ಕೆಮ್ಮಿದ. ಬಿಡಿಸಿ ನೋಡಿದರೆ ಕಫದ ಜೊತೆ ಮತ್ತೆ ರಕ್ತ. ಮುಂದಿನ ಸೀಟಿನವರು ಎದ್ದು ಹಿಂದಕ್ಕೆ ಹೋದರು. ಕಂಡಕ್ಟರ್ ಸೀಟಿ ಊದಿ ಬಸ್ ನಿಲ್ಲಿಸಿ ನನ್ನ ಕಡೆ ತಿರುಗಿದ.

“ಲೇ, ಟೀಬಿ ರೋಗದವನ್ನ ಯಾಕಲೇ ಹತ್ತಿಸ್ದೆ? ಇಳಿಸು ಮೊದ್ಲು.”

“ಟೀಬಿ ಅಲ್ಲ,” ಅಂದೆ ನಾನು.

“ಮತ್ತೇನದು?”

“ಗೊತ್ತಿದ್ರೆ ದುರ್ಗದ ಆಸ್ಪತ್ರೆಗೆ ಯಾಕೆ ಹೊರಡ್ತಿದ್ವಿ? ಟಿಕೆಟ್ ತಗಂಡೀವಿ. ಇಳಿಯಲ್ಲ.”

ಅವ್ವ ಸೆರಗು ಒಡ್ಡಿದಳು. “ಎಪ್ಪಾ, ನನ್ನ ಮಗಂಗೆ ಅವನ ತಮ್ಮನ ಕಿಡ್ನಿ ಹಾಕ್ಯಾರೆ. ನಡುದಾರೀಲಿ ಇಳಿಸಬ್ಯಾಡಪ್ಪ.”

“ಒಂದು ಬಿಚ್ಚಿ ಇನ್ನೊಂದು ಹಾಕಾಕೆ ಅದೇನು ಬಸ್ಸಿನ ಟೈರೇನಮ್ಮ?” ಅಂದ ಕಂಡಕ್ಟರ್.

ನಾನು ಅಂಗಿ ಎತ್ತಿ ಪಕ್ಕೆ ತೋರಿಸಿದೆ. ಹೊಲಿಗೆಯ ಗುರುತು ಹೊಟ್ಟೆಯ ಕಡೆಯಿಂದ ಬೆನ್ನಿನ ತನಕ ಇದೆ. ಅವನು ನೋಡಿದ. ಆಮೇಲೆ ರೈಟ್ ಅಂದ.

ನಮ್ಮದು ಬಬ್ಬೂರಿನ ಹತ್ತಿರದ ಹಟ್ಟಿ. ಕುರಿ ಸಾಕುವ ಜನ. ಅಪ್ಪ ಮಂದೆ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಅಣ್ಣ ಕುರಿ ಬಿಟ್ಟು ಕಾಲುವೆ ಕೆಳಗಿನ ಕಬ್ಬಿನ ಗದ್ದೆಗಳಿಗೆ ನೀರು ಕಟ್ಟುವ ಕೂಲಿಗೆ ಹೋಗುತ್ತಿದ್ದ. ಅವನ ಮುಖ, ಕಾಲು ಊದಿಕೊಂಡವು. ಎರಡು ಕಿಡ್ನಿಯೂ ಹೋಗಿದೆ ಅಂದರು. ತಮಿಳುನಾಡಿನ ದೊಡ್ಡ ಆಸ್ಪತ್ರೆಗೆ ಹೋದೆವು. ನನ್ನದು ಹೊಂದಿತು, ಕೊಟ್ಟೆ. ಇದರಲ್ಲಿ ದೊಡ್ಡ ಮಾತೇನಿಲ್ಲ. ನನ್ನದು ಹೊಂದದಿದ್ದರೆ ಅವ್ವ ಕೊಡುತ್ತಿದ್ದಳು.

ಕಳಿಸುವಾಗ ಕನ್ನಡ ಬಲ್ಲ ನರ್ಸಮ್ಮ ಒಬ್ಬರು ಎಲ್ಲ ಬಿಡಿಸಿ ಹೇಳಿದರು. ಮಾತ್ರೆ ಒಂದು ಹೊತ್ತೂ ತಪ್ಪಿಸಬಾರದು, ತಪ್ಪಿದರೆ ಅಣ್ಣನ ಮೈ ನನ್ನ ಕಿಡ್ನಿಯನ್ನು ಒಪ್ಪುವುದಿಲ್ಲ. ನೀರು ಕಾಯಿಸಿ ಕುಡಿಯಬೇಕು. ಬರಿಗಾಲಲ್ಲಿ ತಿರುಗಬಾರದು. ಅಲ್ಲೇ ಒಂದು ಜೊತೆ ಹೊಸ ಚಪ್ಪಲಿ ಕೊಂಡೆವು.

ಹಟ್ಟಿಗೆ ಬಂದ ದಿನವೇ ಅವ್ವ ಆ ಚಪ್ಪಲಿಯನ್ನು ಗೋಡೆಯ ಗೂಟಕ್ಕೆ ನೇತು ಹಾಕಿದಳು. ಅವಳದೊಂದು ಹರಕೆ ಇತ್ತು. ಮಗ ಉಳಿದು ಬಂದರೆ ದೇವರಿಗೆ ಹೊಸ ಮೆಟ್ಟು ಮಾಡಿಸಿ ಒಪ್ಪಿಸುವುದು, ದೇವರ ಕಾಲಿಗೆ ಮೆಟ್ಟು ಬರುವ ತನಕ ಮಗನ ಕಾಲಿಗೂ ಇಲ್ಲ. ನಮ್ಮಲ್ಲಿ ದೇವರನ್ನು ಹೊಳೆಗೆ ಕರೆದುಕೊಂಡು ಹೋಗಿ ಪೂಜೆ ಮಾಡುವಾಗ ಮಾತ್ರ ಮೆಟ್ಟು ಒಪ್ಪಿಸುತ್ತಾರೆ. ಅದು ಯಾವಾಗ ಅಂತ ದೇವರು ಅಪ್ಪಣೆ ಕೊಡಬೇಕು. ಕೊಟ್ಟಿರಲಿಲ್ಲ.

“ಅವ್ವ, ಆಸ್ಪತ್ರೇಲಿ ಬರಿಗಾಲಲ್ಲಿ ತಿರುಗಬ್ಯಾಡ ಅಂದಾರೆ.”

“ಆಸ್ಪತ್ರೆಯೋರು ಹಾಕಿದ್ರು. ಉಳಿಸಿದ್ದು ಯಾರು?”

“ಕೊಟ್ಟಿದ್ದು ನಾನು.”

“ನಿನ್ನ ಕೊಟ್ಟಿದ್ದು ಯಾರು?”

ಅಣ್ಣ ನಕ್ಕ. ಅವನಿಗೂ ಬರಿಗಾಲೇ ಅಭ್ಯಾಸ.

ಅವನು ಕೂಲಿಗೆ ಹೋಗುತ್ತಿರಲಿಲ್ಲ. ಆದರೆ ಬೆಳಿಗ್ಗೆ ಎಲ್ಲರಂತೆ ಕಾಲುವೆ ಏರಿಯ ಕಡೆ ಬಯಲಿಗೆ ಹೋಗಬೇಕಲ್ಲ. ಹಟ್ಟಿಯ ಗಂಡಸರೆಲ್ಲ ಅಲ್ಲಿಗೇ ಹೋಗುವುದು. ಮಣ್ಣು ಯಾವಾಗಲೂ ಹಸಿ. ಮುಗಿಸಿಕೊಂಡು ಗದ್ದೆಯ ಬದುವಿನ ಮೇಲೆ ಕೂತು, ನೀರು ಕಟ್ಟುವವರಿಗೆ ಬುದ್ಧಿ ಹೇಳಿ ಬರುತ್ತಿದ್ದ.

ಮೊದಲು ಅಂಗಾಲು ಕಡಿತ ಬಂತು. ಕೆಲವು ತಿಂಗಳಾದ ಮೇಲೆ ಹೊಟ್ಟೆಯ ಮೇಲೆ, ಸೊಂಟದ ಹಿಂದೆ ಕೆಂಪು ಗೀರು ಎದ್ದವು. ಅವ್ವ ಸರ್ಪಸುತ್ತು ಅಂತ ಕೆಮ್ಮಣ್ಣು ಕಲಸಿ ಹಚ್ಚಿದಳು. ಬೆಳಿಗ್ಗೆ ಹಚ್ಚಿದ ಜಾಗದಲ್ಲಿ ಸಂಜೆ ಗೀರು ಇರುತ್ತಿರಲಿಲ್ಲ, ನಾಲ್ಕು ಬೆರಳು ಆಚೆ ಇರುತ್ತಿತ್ತು. ಅವ್ವ ಅಲ್ಲಿಗೂ ಹಚ್ಚುವಳು. ಆಮೇಲೆ ಉಬ್ಬಸ ಶುರುವಾಯಿತು. ಹಿರಿಯೂರಲ್ಲಿ ಇಂಜೆಕ್ಷನ್ ಹಾಕಿಸಿದರೆ ಎರಡು ದಿನ ಹಗುರ, ಆಮೇಲೆ ಮೊದಲಿಗಿಂತ ಜಾಸ್ತಿ. ರಕ್ತ ಕಂಡ ಮೇಲೆ ದುರ್ಗದ ಬಸ್ಸು ಹತ್ತಿದ್ದು.

ದುರ್ಗದ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಎದೆಯ ತುಂಬ ಬಿಳಿ ಮೋಡ. ಅಂಗಿ ಬಿಚ್ಚಿಸಿದಾಗ ಕೆಮ್ಮಣ್ಣು ಕಂಡಿತು. ಇದೇನು ಅಂದರು. ಗೀರು ಜಾಗ ಬದಲಾಯಿಸುವುದನ್ನು ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಕಫ ತೆಗೆಸಿಕೊಂಡು ಒಳಗೆ ಹೋದರು, ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದರು.

“ಬಾಪ್ಪ, ಇದರೊಳಗೆ ನೋಡು.”

ದೊಡ್ಡದು ಮಾಡಿ ತೋರಿಸುವ ಗಾಜಿನಲ್ಲಿ ಕಣ್ಣಿಟ್ಟೆ. ದಾರದ ತುಣುಕಿನಂಥದ್ದು ಬಾಲ ಬಡಿಯುತ್ತಿತ್ತು. ಅದರ ಪಕ್ಕ ಇನ್ನೊಂದು.

“ಕುರೀಲಿ ನೋಡೀನಿ ಸಾರ್. ಕುಯ್ದಾಗ ಕೆಲವು ಕುರಿ ಪುಪ್ಪುಸದಾಗೆ ಹುಳ ಇರ್ತಾವೆ. ಕುರಿಯಿಂದ ಬಂತಾ?”

“ಇಲ್ಲ, ಇದು ಮನುಷ್ಯರದ್ದೇ. ಜನ ಬಯಲಿಗೆ ಹೋಗೋ ಹಸಿ ಮಣ್ಣಲ್ಲಿ ಇರುತ್ತೆ. ಬರಿಗಾಲಿನ ಚರ್ಮ ತೂರಿ ಒಳಗೆ ಹೋಗುತ್ತೆ. ರಕ್ತದಲ್ಲಿ ಎದೆಗೆ ಬರುತ್ತೆ. ಕಫ ನುಂಗಿದರೆ ಹೊಟ್ಟೆಗೆ.”

“ನಾನೂ ಹುಟ್ಟಿದಾಗಿಂದ ಬರಿಗಾಲೇ. ನಂಗ್ಯಾಕಿಲ್ಲ?”

“ನಿನ್ನೊಳಗೂ ಇರಬಹುದು. ನಿನ್ನ ಮೈ ಅದನ್ನ ಅಂಕೆಯಲ್ಲಿ ಇಟ್ಟಿರುತ್ತೆ. ನಿಮ್ಮಣ್ಣ ನುಂಗೋ ಮಾತ್ರೆ ಇದೆಯಲ್ಲ, ಅದು ಮೈಯ ಕಾವಲನ್ನೇ ಮಲಗಿಸುತ್ತೆ. ಕಾವಲು ಎದ್ದಿದ್ದರೆ ಕಿಡ್ನಿಗೆ ಕಷ್ಟ. ಮಲಗಿದ್ದರೆ ಹುಳ ಒಳಗೊಳಗೇ ಮರಿ ಹಾಕುತ್ತೆ. ಉಬ್ಬಸಕ್ಕೆ ಕೊಟ್ಟ ಇಂಜೆಕ್ಷನ್ನೂ ಅದೇ ಜಾತಿಯದ್ದು ಇರಬೇಕು.”

ನನಗೆ ತಿಳಿಯಿತು. ನಾಯಿ ಕಟ್ಟಿ ಹಾಕಿದ ಕುರಿರೊಪ್ಪ.

ಬಾಗಿಲಲ್ಲಿ ನಿಂತಿದ್ದ ಅವ್ವನಿಗೆ ಬರಿಗಾಲು ಅನ್ನುವ ಮಾತು ಮಾತ್ರ ಕೇಳಿಸಿತ್ತು. “ನನ್ನ ಹರಕೆಯಿಂದ ಬಂತಾ ಸ್ವಾಮಿ?”

“ಹೇಳೋಕಾಗಲ್ಲಮ್ಮ. ಚಿಕ್ಕಂದಿನಲ್ಲೇ ಒಳಗೆ ಸೇರಿ ಕೂತಿರಬಹುದು. ಈಚೆಗೆ ಬಂದಿರಬಹುದು. ಇನ್ನು ಮೇಲಂತೂ ಚಪ್ಪಲಿ ಬೇಕು.”

ಹುಳದ ಮಾತ್ರೆ ದುರ್ಗದಲ್ಲಿ ಸಿಗಲಿಲ್ಲ, ಬೆಂಗಳೂರಿನಿಂದ ಬಸ್ಸಿನಲ್ಲಿ ತರಿಸಿದರು. ಆದರೆ ಅದೊಂದೇ ಸಾಲದು, ಕಿಡ್ನಿ ಕಾಯುವ ಮಾತ್ರೆಯನ್ನೂ ತಗ್ಗಿಸಬೇಕು ಅಂದರು. ತಗ್ಗಿಸಿದರೆ ಕಿಡ್ನಿ ಹೋಗಬಹುದು. ತಗ್ಗಿಸದಿದ್ದರೆ ಉಸಿರು ನಿಲ್ಲಬಹುದು. ತಮಿಳುನಾಡಿನ ಡಾಕ್ಟರ ಜೊತೆ ಟ್ರಂಕ್ ಕಾಲ್‌ನಲ್ಲಿ ಮಾತಾಡಿದರು. ಅವರೂ ಅದನ್ನೇ ಹೇಳಿದರಂತೆ.

ವಾರ್ಡಿನ ನರ್ಸಮ್ಮ ಮಾತ್ರೆ ತಂದರೆ ಅಣ್ಣ ಕೈ ತಳ್ಳಿದ.

“ಬ್ಯಾಡ ಡಾಕ್ಟ್ರೇ. ಹುಡುಗನ ಪಕ್ಕೆ ಸೀಳಿಸಿ ತಗಂಡೀನಿ. ಅದನ್ನ ಹಾಳು ಮಾಡ್ಕಳಾಕೆ ನಾನು ಒಪ್ಪಲ್ಲ.”

“ಅಣ್ಣ, ನೀನು ಸತ್ರೆ ಅದನ್ನ ವಾಪಸ್ ನಂಗೆ ಹೊಲೀತಾರಾ? ನೀನೂ ಹೋಗ್ತಿ, ಅದೂ ಹೋಗ್ತೈತೆ. ಸುಮ್ನೆ ಅವರು ಹೇಳಿದಂಗೆ ಕೇಳು.”

“ಏನ್ ಮಾತಾಡ್ತೀಯಲೇ, ಸಾಯೋನ ಮುಂದೆ.”

“ಸಾಯೋನಿಗೆ ಇನ್ನೆಂಗೆ ಹೇಳ್ಬೇಕು?”

ಅಣ್ಣ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಕೈ ಚಾಚಿದ, ನರ್ಸಮ್ಮ ಹುಳದ ಮಾತ್ರೆ ಕೊಟ್ಟರು.

ಆ ಮಾತ್ರೆಗೆ ತಲೆ ಸುತ್ತು, ವಾಂತಿ. ಮಂಚದ ಕೆಳಗೆ ಉಚ್ಚೆ ಹಿಡಿಯುವ ಬಾಟಲಿ ಇತ್ತು. ಬೆಳಿಗ್ಗೆ ಎದ್ದರೆ ನಾನು ಅಣ್ಣನ ಮುಖ ನೋಡುತ್ತಿರಲಿಲ್ಲ, ಬಾಟಲಿ ನೋಡುತ್ತಿದ್ದೆ. ಉಚ್ಚೆ ಕಡಿಮೆಯಾಗುತ್ತಾ ಬಂತು. ಅಣ್ಣನ ಕಣ್ಣಿನ ಸುತ್ತ ಮತ್ತೆ ಊತ ಕಾಣಿಸಿತು. ಆದರೆ ಉಸಿರಿನ ಸದ್ದು ಇಳಿಯಿತು. ಕಫದಲ್ಲಿ ರಕ್ತ ನಿಂತಿತು.

ಅವ್ವ ನಡುವೆ ಒಂದು ದಿನ ಹೇಳದೆ ಹಟ್ಟಿಗೆ ಹೋಗಿದ್ದಳು. ವಾಪಸ್ ಬಂದಾಗ ಕಂಕುಳಲ್ಲಿ ಬಟ್ಟೆಯ ಗಂಟು. ಬಿಚ್ಚಿ ಚಪ್ಪಲಿಯನ್ನು ಮಂಚದ ಕೆಳಗೆ ಬಾಟಲಿಯ ಪಕ್ಕ ಇಟ್ಟಳು.

“ಹಾಕ್ಕಳಪ್ಪ.”

“ಹರಕೆ?” ಅಂದ ಅಣ್ಣ.

“ದೇವರ ಹತ್ರ ಮಾತಾಡಿ ಬಂದೀನಿ. ನಾನು ಹೊತ್ಕಂಡೀನಿ.”

“ನಿಂಗೆ ಚಪ್ಪಲೀನೇ ಇಲ್ಲವಲ್ಲವ್ವ,” ಅಂದೆ ನಾನು. “ಏನ್ ಬಿಡ್ತೀಯ?”

“ಎಲೆಅಡಿಕೆ ಬಿಟ್ಟೀನಿ.”

ಅವ್ವ ಊಟ ಬಿಟ್ಟಾಳು, ಎಲೆಅಡಿಕೆ ಬಿಟ್ಟವಳಲ್ಲ. ಅವಳ ಸೊಂಟ ನೋಡಿದೆ. ಎಲೆಚೀಲ ಇರಲಿಲ್ಲ.

ಡಾಕ್ಟರು ಬೇರೆ ಬೇರೆ ದಿನ ಕಫ ನೋಡಿದರು. ಹುಳ ಕಾಣಲಿಲ್ಲ. ಕಿಡ್ನಿಯ ಮಾತ್ರೆಯನ್ನು ನಿಧಾನವಾಗಿ ಏರಿಸಿದರು. ಬಾಟಲಿ ಮತ್ತೆ ತುಂಬತೊಡಗಿತು, ಮೊದಲಿನಷ್ಟಲ್ಲ. ಕಿಡ್ನಿಗೆ ಪೆಟ್ಟು ಬಿದ್ದಿದೆ, ಎಷ್ಟು ದಿನ ಅಂತ ಹೇಳಲಾಗುವುದಿಲ್ಲ ಅಂದರು. ನನಗೂ ಹುಳದ ಮಾತ್ರೆ ಕೊಟ್ಟರು. ಕಹಿ.

ಈಗ ಅಣ್ಣ ಚಪ್ಪಲಿ ಹಾಕಿಕೊಂಡು ಕಾಲುವೆ ಏರಿಗೆ ಹೋಗುತ್ತಾನೆ. ಹಟ್ಟಿಯವರು ದೊರೆ ಬಂದ ಅನ್ನುತ್ತಾರೆ. ದೇವರು ಇನ್ನೂ ಹೊಳೆಗೆ ಹೋಗಿಲ್ಲ. ಅವ್ವ ಊಟವಾದ ಮೇಲೆ ಬರೀ ಬಾಯಿ ಆಡಿಸುತ್ತಾ ಕೂರುತ್ತಾಳೆ. ಹೇಳಬೇಕಾದದ್ದು ಇಷ್ಟೇ ಇತ್ತು. ಇನ್ನು ನನ್ನ ಹತ್ತಿರ ಏನೂ ಇಲ್ಲ.