ಟೆನಿಸ್ ಭವಿಷ್ಯವಾಣಿ

ಮಳೆಗಾಲ ಮುಗಿದು ಹೊನ್ನಾವರದ ಕಾಲೇಜಿನ ಟೆನಿಸ್ ಅಂಗಳದ ಪಾಚಿ ಒಣಗುವ ಹೊತ್ತಿಗೆ ದೈಹಿಕ ಶಿಕ್ಷಣದ ನಿತ್ಯಾನಂದ ನಾಯ್ಕ ಮಾಸ್ತರರ ಬಾಯಿಗೆ ಭವಿಷ್ಯವಾಣಿ ಬರುತ್ತದೆ. ಅಂತರ ಕಾಲೇಜು ಪಂದ್ಯಾವಳಿ ಇನ್ನೂ ದೂರವಿರುವಾಗಲೇ ಅವರು ಸೀಟಿಯನ್ನು ಶಂಖದಂತೆ ಊದಿ, ಶತ್ರುಸೈನ್ಯವನ್ನು ಕ್ಯಾಂಟೀನಿನಲ್ಲೇ ಸಂಹರಿಸುತ್ತಾರೆ: “ಕುಮಟೆಯವ್ರಿಗೆ ಬ್ಯಾಕ್‌ಹ್ಯಾಂಡ್ ಇಲ್ಲ, ಭಟ್ಕಳದವ್ರಿಗೆ ಸರ್ವಿಸ್ ಇಲ್ಲ. ಈ ವರ್ಷ ಆತು!” ಅವರ ‘ಆತು’ ಎಂದರೆ ಕಪ್ ಕೈಗೆ ಬಂತು ಎಂದರ್ಥ, ಕೇಳಿದವರಿಗೆ ಮಾತ್ರ ಈ ವರ್ಷವೂ ಕಥೆ ಮುಗಿಯಿತು ಎಂದೇ ಕೇಳಿಸುತ್ತದೆ. “ನಮ್ಗೆ ಎಂತ ಅದೆ ಸರ್?” ಎಂದು ಆಟಗಾರ್ತಿ ವಿನುತಾ ಕೆಣಕಿದರೆ, “ನೀ ಇದ್ದೀಯಲ್ಲೇ ಮಾರಾಯ್ತಿ!” ಎನ್ನುತ್ತಾರೆ. ಮೊದಲ ಸುತ್ತಿನಲ್ಲೇ ಸೋತರೂ ತಪ್ಪು ಗಾಳಿಯದು, ಬಿಸಿಲಿನದು, ಅಂಪೈರನ ಕನ್ನಡಕದ್ದು, ಭವಿಷ್ಯವಾಣಿಯದಲ್ಲ. ಇಷ್ಟು ಬಡಾಯಿ ಯಾಕೆಂಬುದು ಅವರೊಬ್ಬರಿಗೇ ಗೊತ್ತಿತ್ತು: ತಂಡವಿಲ್ಲ ಎಂದಾದ ದಿನ ಅಂಗಳ ಸ್ಕೂಟರುಗಳ ಪಾಲು. ತಂಡಕ್ಕೆ ಇಬ್ಬರಾದರೂ ಬೇಕು. ಈ ವರ್ಷ ಉಳಿದವಳು ವಿನುತಾ ಒಬ್ಬಳೇ. ಮೊನ್ನೆ ಪ್ರಾಂಶುಪಾಲರು ಅಂಗಳಕ್ಕೇ ಬಂದು, “ತಂಡ ಉಂಟೋ ಇಲ್ವೋ ನಾಯ್ಕರೇ? ಇಲ್ದಿದ್ರೆ ಸ್ಕೂಟರ್ ನಿಲ್ಲಿಸ್ವ” ಎಂದರು. “ಈ ವರ್ಷ ತಂಡ ಭಾರೀ ಅದೆ ಸರ್” ಎಂದ ಮಾಸ್ತರರ ದನಿ ಎಂದಿಲ್ಲದಷ್ಟು ಸಣ್ಣದಾಗಿತ್ತು. “ವಿನುತಾ ಬಿಟ್ರೆ ಎರಡನೆಯವಳು ಯಾರು?” ಎಂದರು ಪ್ರಾಂಶುಪಾಲರು. ವಿನುತಾಳನ್ನು ಕರೆಯಲು ಬಂದಿದ್ದ ಗೆಳತಿ, ಕಬಡ್ಡಿ ಆಡುವ ಪ್ರಣಿತಾ, ನೆಲದಲ್ಲಿದ್ದ ರಾಕೆಟ್ಟನ್ನು ಸೌಟಿನಂತೆ ಎತ್ತಿ ಹಿಡಿದು, “ನಾನೇ ಸರ್” ಎಂದಳು. ಪ್ರಾಂಶುಪಾಲರು ಹೋದ ಮೇಲೆ ಮಾಸ್ತರರು ಪ್ರಣಿತಾಳ ಬಳಿ ಬಂದು ರಾಕೆಟ್ಟಿನ ಹಿಡಿ ನೋಡಿದರು. ಆಮೇಲೆ ಮೆಲ್ಲಗೆ, “ಹಾಂಗಲ್ಲ ಮಗಾ, ಕೈ ಕುಲುಕಿದ ಹಾಂಗೆ ಹಿಡಿ” ಎಂದರು.