ಟಿ.ವಿ.ಗೆ ಬಂದ ಸವತಿ

ನಾನು ಈಗಲೂ ಕಂಪ್ಯೂಟರಿನ ಮುಂದೆ ಕೂರುವಾಗ ಚಪ್ಪಲಿ ಬಿಡುತ್ತೇನೆ. ಆಫೀಸಿನ ಹುಡುಗಿಯರು ಇದನ್ನು ಭಕ್ತಿ ಎಂದುಕೊಂಡಿದ್ದಾರೆ. ಭಕ್ತಿಯಲ್ಲ, ಅಪ್ಪ ಹಚ್ಚಿದ ಹೆದರಿಕೆ. ಧೂಳು ತಾಗಿದರೆ ಅದರ ತಲೆ ಕೆಡುತ್ತದೆ ಎಂದು ಅಪ್ಪ ಸಾರಿದ್ದರು. ಶಹಾಪುರದಲ್ಲಿ ಧೂಳು ತಾಗದೆ ಬದುಕಿದ ಜೀವವನ್ನು ನಾನಂತೂ ಕಂಡಿಲ್ಲ.

ಆಗ ಕಾಲುವೆ ಬಂದ ಹೊಸತು. ಜೋಳದ ಹೊಲಗಳು ಭತ್ತದ ಗದ್ದೆಗಳಾಗುತ್ತಿದ್ದವು; ನೀರಿನ ಬೆನ್ನಿಗೇ ಟ್ರ್ಯಾಕ್ಟರು, ಮೋಟರ್‌ಸೈಕಲ್ಲು, ಟಿ.ವಿ. ಎಲ್ಲ ಹರಿದು ಬರುತ್ತಿದ್ದವು. ಹೈಸ್ಕೂಲಿನ ಗಣಿತದ ಮಾಸ್ತರರಾಗಿದ್ದ ಅಪ್ಪ, ವರ್ಗವಾಗಿ ಹೊರಟಿದ್ದ ಇಂಜಿನಿಯರೊಬ್ಬರಿಂದ ಹಳೆಯ ಕಂಪ್ಯೂಟರು ತಂದರು. ನೋಡಿದರೆ ಬರೀ ಕೀಲಿಮಣೆ! ಟೈಪ್‌ರೈಟರಿನ ಮೇಲೆ ಎಮ್ಮೆ ಮಲಗಿ ಎದ್ದಂತಿತ್ತು.

ಮನೆಮನೆಗೆ ಬಂದ ಮೊದಮೊದಲ ಕಂಪ್ಯೂಟರುಗಳ ಜಾತಿಯೇ ಅಂಥದ್ದು. ಸ್ವಂತ ಮುಖವಿಲ್ಲ, ಮನೆಯ ಟಿ.ವಿ.ಯೇ ಮುಖ. ಸ್ವಂತ ನೆನಪೂ ಅಷ್ಟಕ್ಕಷ್ಟೇ. ಹಾಡು ಕೇಳುವ ಟೇಪ್‌ರೆಕಾರ್ಡರೇ ನೆನಪಿನ ಗಂಟು. ಪರದೇಶದ ಜಾಹೀರಾತುಗಳಂತೂ ಗೃಹಿಣಿಯರು ಅಡುಗೆಯ ವಿವರವನ್ನೆಲ್ಲ ಅದರಲ್ಲಿ ಇಟ್ಟುಕೊಳ್ಳಬಹುದು ಎನ್ನುತ್ತಿದ್ದವಂತೆ. ಅಪ್ಪ ಇದನ್ನು ಹೇಳಿದಾಗ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಲ್ಲಲಿಲ್ಲ. “ರೊಟ್ಟಿ ಬಡಿಯೂದು ಮರತ ದಿನ ಅದನ್ನ ಕೇಳ್ತೀನಿ ಬಿಡ್ರಿ,” ಅಂದಳು.

ಅವ್ವನ ಸಿಟ್ಟಿಗೆ ಕಾರಣ ಬೇರೆಯೇ ಇತ್ತು. ನಮ್ಮ ಓಣಿಗೆಲ್ಲ ಇದ್ದದ್ದು ನಮ್ಮದೊಂದೇ ಟಿ.ವಿ. ಭಾನುವಾರ ಬೆಳಿಗ್ಗೆ ಹೆಂಗಸರು ಮಿಂದು, ಕುಂಕುಮ ಇಟ್ಟುಕೊಂಡು ಪುರಾಣದ ಧಾರಾವಾಹಿ ನೋಡಲು ಬರುತ್ತಿದ್ದರು. ಪಡಸಾಲೆಯಲ್ಲಿ ಆ ಹೊತ್ತು ಅವ್ವನದೇ ದರ್ಬಾರು. ಈಗ ಆ ಟಿ.ವಿ.ಯನ್ನು ಕಂಪ್ಯೂಟರು ಕಬಳಿಸಿ ಕೂತಿತ್ತು. ಅವ್ವ ಅಪ್ಪನೊಡನೆ ಮಾತು ಬಿಟ್ಟಳು. “ನಿಮ್ಮಪ್ಪಗ ಹೇಳು, ಊಟಕ್ಕ ಬರಬೇಕಂತ” ಎಂಬುದು ನನ್ನ ಮೂಲಕ ಹೋಗುತ್ತಿತ್ತು, ಅಪ್ಪ ಎದುರಿಗೇ ಕೂತಿರುತ್ತಿದ್ದರೂ.

ಅಪ್ಪನ ಗುರಿ ದೊಡ್ಡದು. ಕೆಂಭಾವಿಯ ಕಡೆ ನಮ್ಮ ಹೊಲ ಕಾಲುವೆಯ ಕಟ್ಟಕಡೆಗಿತ್ತು. ಕಾಕಾ ಅಲ್ಲಿ ಒಕ್ಕಲುತನ ಮಾಡುತ್ತಿದ್ದರು. ಮೇಲಿನವರ ಗದ್ದೆ ದಾಟಿ ನೀರು ಅವರ ತನಕ ಬರುತ್ತಿರಲಿಲ್ಲ. ಯಾರ ಹೊಲಕ್ಕೆ ಯಾವಾಗ ನೀರು ಎಂಬ ಪಾಳಿಯನ್ನು ಕಂಪ್ಯೂಟರು ಲೆಕ್ಕ ಹಾಕಿ ತೋರಿಸಿದರೆ ಯಾರೂ ಎದುರಾಡಲಾರರು ಎಂದು ಅಪ್ಪ ನಂಬಿದ್ದರು. ಗಣಿತದ ಮೇಲೆ ಅಷ್ಟು ನಂಬಿಕೆ ಗಣಿತ ಕಲಿಸುವವರಿಗೆ ಮಾತ್ರ ಇರಲು ಸಾಧ್ಯ.

ಒಂದು ಭಾನುವಾರ ಕಾಕಾನನ್ನು ಕರೆಸಿದರು. ಧಾರಾವಾಹಿಯ ಆಸೆಗೆ ಹೆಂಗಸರೂ ಎಂದಿನಂತೆ ಬಂದು ಕೂತರು. ಒಂದೇ ಬೆರಳಿನಲ್ಲಿ ಕುಟ್ಟಿ ಮುಗಿಸಿದ್ದ ಅಪ್ಪ, “ಈಗ ನೋಡ್ರಿ” ಎಂದು ಕೊನೆಯ ಗುಂಡಿ ಒತ್ತಲು ಕೈಯೆತ್ತಿದರು. ಕರೆಂಟು ಹೋಯಿತು.

ಬರೆದದ್ದೆಲ್ಲ ಅಳಿಸಿಹೋಯಿತು. ಅದನ್ನು ಕ್ಯಾಸೆಟ್ಟಿಗೆ ಇಳಿಸಿಡಬಹುದಿತ್ತು. ಆದರೆ ಮನೆಯಲ್ಲಿದ್ದದ್ದು ಅವ್ವನ ತವರಿನ ಸೋಬಾನ ಪದಗಳ ಕ್ಯಾಸೆಟ್ಟೊಂದೇ. ಅದಕ್ಕೆ ಕೈ ಹಚ್ಚುವ ಧೈರ್ಯ ಅಪ್ಪನಿಗೆ ಇರಲಿಲ್ಲ. ಇಡೀ ಊರಿನ ಕರೆಂಟು ಹೋಗಿದ್ದಕ್ಕೂ ನಮ್ಮ ಕಂಪ್ಯೂಟರೇ ಕಾರಣ ಎಂದು ತೀರ್ಮಾನಿಸಿ ಓಣಿ ಎದ್ದು ಹೋಯಿತು.

ಮಧ್ಯಾಹ್ನ ಕರೆಂಟು ಬಂದರೂ ಅಪ್ಪ ಕದಲಲಿಲ್ಲ, ಉಣ್ಣಲಿಲ್ಲ. ಅವ್ವ ಗೆದ್ದಿದ್ದಳು, ಆದರೆ ಅವಳ ಮುಖ ಗೆದ್ದವಳ ಹಾಗಿರಲಿಲ್ಲ. ಒಳಗೆ ಹೋಗಿ ಕ್ಯಾಸೆಟ್ ತಂದು ಅಪ್ಪನ ಮುಂದಿಟ್ಟಳು.

“ಈ ಬದಿ ತೊಗೊರಿ. ಆ ಬದಿ ಮುಟ್ಟಿದ್ರ ನೋಡ್ರಿ ಮತ್ತ.”

ಅಷ್ಟೇ ಅಲ್ಲ, ಅಪ್ಪ ಮೊದಲೇ ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದ ಲೆಕ್ಕದ ಹಾಳೆ ಹಿಡಿದು ಪಕ್ಕದಲ್ಲೇ ಕೂತಳು. ಇಂಗ್ಲಿಷ್ ಅಕ್ಷರ ಬಾರದವಳು ಒಂದೊಂದರ ಆಕಾರವನ್ನು ಕಂಡಂತೆ ಹೇಳತೊಡಗಿದಳು: “ಹಾವು... ಗುದ್ದಲಿ... ನಿಚ್ಚಣಿಕಿ... ಬಳಿ.”

“ಬಳಿನೋ, ಸೊನ್ನಿನೋ? ಸರಿಯಾಗಿ ನೋಡು.”

“ಬಳಿನೇರಿ. ಸೊನ್ನಿ ಬಡಕಲು ಇರ್ತದ, ಇದು ಉಂಡು ಕೂತದ.”

ಅಪ್ಪ ನಕ್ಕರು. ಎಷ್ಟೋ ದಿನಗಳ ಮೇಲೆ ಅವರಿಬ್ಬರ ಮಾತು ನನ್ನನ್ನು ಬಳಸಿಕೊಳ್ಳದೆ ನೇರವಾಗಿ ಹಾದುಹೋಗುತ್ತಿತ್ತು. ಕೆಲಸ ಕಳೆದುಕೊಂಡ ನಾನು ಹೊರಗೆ ಆಡಲು ಹೋದೆ.

ಪಾಳಿಯ ಲೆಕ್ಕ ತಪ್ಪಿಲ್ಲದೆ ಮೂಡಿತು. ಕಾಕಾ ಅದನ್ನು ಬರೆದುಕೊಂಡು ಊರಿಗೆ ಹೋದರು. ಆದರೆ ಮೇಲಿನ ಹೊಲದವರ ಸಲಿಕೆಗೆ ಗಣಿತ ಬರುತ್ತಿರಲಿಲ್ಲ. ಮುಂದಿನ ಸಲ ಬಂದಾಗ ಕಾಕಾ, “ಅಣ್ಣಾ, ನೀರು ನಿನ್ನ ಟಿ.ವಿ.ದಾಗ ಬಂದದ, ಹೊಲದಾಗ ಇನ್ನಾ ಬಂದಿಲ್ಲ,” ಎಂದರು. ಕೊನೆಗೆ ಅಲ್ಲಿಗೆ ನೀರು ತಂದದ್ದು ಕೆಳಗಿನ ಹೊಲದವರೆಲ್ಲ ಕೂಡಿ ಕಾಲುವೆಯ ಗೇಟಿನ ಮುಂದೆ ಬುತ್ತಿ ಕಟ್ಟಿಕೊಂಡು ಕೂತದ್ದು.

ಭಾನುವಾರಗಳು ಅವ್ವನಿಗೆ ಮರಳಿದವು. ಉಳಿದ ದಿನ ಸಂಜೆ ಅವಳೇ ಕೀಲಿಮಣೆಯ ಮುಂದೆ ಕೂರುತ್ತಿದ್ದಳು. ಒಮ್ಮೆ ಹಾವು, ಬಳೆ, ಗುದ್ದಲಿಗಳನ್ನೆಲ್ಲ ತನ್ನ ಮನಸ್ಸಿಗೆ ಬಂದಂತೆ ಒತ್ತಿದಳು. ಯಂತ್ರ ಗುರ್ರೆಂದು ಇಂಗ್ಲಿಷಿನಲ್ಲಿ ಏನೋ ಬರೆಯಿತು.

“ಏನಂತದರಿ ಇದು?”

“ನೀ ಹೇಳಿದ್ದು ನನಗ ತಿಳೀಲಿಲ್ಲ ಅನ್ನಾಕತ್ತದ,” ಎಂದರು ಅಪ್ಪ.

ಅವ್ವ ಪರದೆಯನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದಳು.

“ಪಾಪ, ಬಾಯಿಬಿಟ್ಟು ಹೇಳತದಲ್ರಿ! ಇಷ್ಟ್ ವರ್ಷದಾಗ ನೀವು ಒಮ್ಮೆರೆ ಹೇಳೀರೇನು?”