ಹನ್ನೆರಡು ಪದಗಳ ತಗಡು

ನನ್ನ ಸೋದರಮಾವ ಲೋಹದ ಮೇಲೆ ಅಕ್ಷರ ಕುಟ್ಟುವವನು. ಬಹುಮಾನದ ಕಪ್‌, ಪದಕ, ಬಾಗಿಲ ಫಲಕ ಎಂದು ನಲವತ್ತು ವರ್ಷ ಕುಟ್ಟಿದ. ಆಮೇಲೆ ಲೇಸರ್ ಯಂತ್ರ ಬಂದು ಅವನ ಹೊಟ್ಟೆಯ ಮೇಲೆ ಹೊಡೆಯಿತು. ಅಂಗಡಿಗೆ ಬೀಗ ಹಾಕುವುದೊಂದೇ ಬಾಕಿ ಎನ್ನುವಾಗ ಡಿಜಿಟಲ್ ದುಡ್ಡಿನವರು ಹುಡುಕಿಕೊಂಡು ಬಂದರು.

ಆ ದುಡ್ಡಿಗೆ ನೋಟಿಲ್ಲ, ಪಾಸ್‌ಬುಕ್ಕಿಲ್ಲ, ಮ್ಯಾನೇಜರೂ ಇಲ್ಲ. ಹನ್ನೆರಡು ಇಂಗ್ಲಿಷ್ ಪದಗಳೇ ಅದರ ಬೀಗದಕೈ. ಅವನ್ನು ಕ್ರಮ ತಪ್ಪದೆ ಯಾರು ಹೇಳುತ್ತಾರೋ ದುಡ್ಡು ಅವರದು. ಕಾಗದ ಸುಟ್ಟೀತು, ಫೋನ್ ಕೆಟ್ಟೀತು ಎಂದು ಜನ ಆ ಪದಗಳನ್ನು ಉಕ್ಕಿನ ತಗಡಿಗೆ ಕುಟ್ಟಿಸತೊಡಗಿದರು. ಯಂತ್ರಕ್ಕೆ ಕೊಟ್ಟರೆ ಅದರೊಳಗೆ ನಕಲು ಉಳಿಯುತ್ತದೆ. ಮಾವನ ಸುತ್ತಿಗೆಗೆ ನೆನಪಿಲ್ಲ.

ಮಾವ ಇದಕ್ಕೊಂದು ಕಟ್ಟುಪಾಡು ಮಾಡಿಕೊಂಡ. ತಗಡನ್ನು ತಲೆಕೆಳಗಾಗಿ ಇಟ್ಟುಕೊಂಡು ಕೊನೆಯ ಅಕ್ಷರದಿಂದ ಹಿಂದಕ್ಕೆ ಕುಟ್ಟುತ್ತಿದ್ದ. ಓದದೇ ಇದ್ದದ್ದನ್ನು ಯಾರೂ ಬಾಯಿ ಬಿಡಿಸಲಾರರು ಎಂಬುದು ಅವನ ಲೆಕ್ಕ. ಕಾಗದ ಹಿಡಿದು ಒಂದೊಂದೇ ಅಕ್ಷರ ಹೇಳುವವಳು ನಾನು. ನಾನೂ ಹಿಂದಿನಿಂದಲೇ ಹೇಳಬೇಕು. ಆದರೆ ಕಾಗದ ನನ್ನ ಕಣ್ಣೆದುರು ನೆಟ್ಟಗೇ ಇರುತ್ತಿತ್ತು, ಓದಿದ್ದು ತಲೆಯಲ್ಲಿ ಉಳಿಯುತ್ತಿತ್ತು. ಅಷ್ಟು ಬುದ್ಧಿವಂತನಿಗೆ ಇದೊಂದು ಹೊಳೆಯಲೇ ಇಲ್ಲ. ನಾನೂ ತಿಳಿಸಲು ಹೋಗಲಿಲ್ಲ, ಕೆಲಸ ಬೇಕಿತ್ತಲ್ಲ.

ಒಂದು ದಿನ ಬೆಳಿಗ್ಗೆ ಒಬ್ಬ ನರ್ಸಮ್ಮ ಬಂದರು. ಹೊರದೇಶದಲ್ಲಿ ಇಪ್ಪತ್ತಾರು ವರ್ಷ ದುಡಿದವರು. ಕಮಿಷನ್ ತಿನ್ನುವ ಏಜೆಂಟರ ಸಹವಾಸ ಬೇಡವೆಂದು ಎಲ್ಲವನ್ನೂ ಈ ದುಡ್ಡಾಗಿ ಮಾಡಿಟ್ಟುಕೊಂಡಿದ್ದರು. ಕೆಲಸ ಮುಗಿದ ಮೇಲೆ ಕಾಗದವನ್ನು ನಮ್ಮೆದುರೇ ಸುಟ್ಟು, ತಗಡನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರು.

ಅವರನ್ನು ಹಿಂಬಾಲಿಸಿ ಬಂದಿದ್ದ ಇಬ್ಬರಿಗೆ ಬಸ್ಸು ತಪ್ಪಿತು. ಮಧ್ಯಾಹ್ನ ನಮ್ಮ ಅಂಗಡಿಗೆ ನುಗ್ಗಿ ಷಟರ್ ಎಳೆದರು. ಒಬ್ಬ ಉದ್ದನೆಯವನು, ಇನ್ನೊಬ್ಬ ಮೊಬೈಲ್ ಹಿಡಿದವನು. ಆಕೆಯ ಪದಗಳನ್ನು ಹೇಳು ಎಂದರು. ಮಾವ ಗೊತ್ತಿಲ್ಲ ಎಂದ. ಉದ್ದನೆಯವನು ಮುಖಕ್ಕೆ ಗುದ್ದಿದ. ಎರಡು ಹಲ್ಲು ಅಕ್ಷರದ ಅಚ್ಚುಗಳ ಡಬ್ಬಿಯೊಳಗೆ ಬಿದ್ದವು. ಮತ್ತೆ ಗೊತ್ತಿಲ್ಲ ಎಂದ. ಕೆಡವಿ ಪಕ್ಕೆಗೆ ಒದ್ದರು. ಆ ಹೊತ್ತಿನಲ್ಲಿ ಅಂಗಡಿಯೊಳಗೆ ನಿಜ ಹೇಳುತ್ತಿದ್ದವನು ಅವನೊಬ್ಬನೇ.

ಅವನ ಬಲಗೈಯನ್ನು ಕಬ್ಬಿಣದ ದಿಮ್ಮಿಯ ಮೇಲಿಟ್ಟು, ಅವನದೇ ಸುತ್ತಿಗೆಯಿಂದ ತೋರುಬೆರಳನ್ನು ಜಜ್ಜಿದರು. ಮೂಳೆ ಮುರಿದದ್ದು ನನಗೆ ಕೇಳಿಸಿತು. ಹನ್ನೆರಡು ಪದಗಳೂ ಆಗ ನನ್ನ ನಾಲಿಗೆಯ ತುದಿಯಲ್ಲೇ ಇದ್ದವು. ಹೇಳಲಿಲ್ಲ. ನರ್ಸಮ್ಮನ ದುಡಿಮೆ ನೆನಪಾಯಿತೆಂದು ಆಮೇಲೆ ಎಲ್ಲರ ಮುಂದೆ ಹೇಳಿಕೊಂಡಿದ್ದೇನೆ. ಅದು ಅರ್ಧ ಸುಳ್ಳು. ನನಗೆ ಗೊತ್ತು ಎಂದು ತಿಳಿದರೆ ದಿಮ್ಮಿಯ ಮೇಲಿನ ಮುಂದಿನ ಕೈ ನನ್ನದಾದೀತು ಎಂದು ಹೆದರಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು.

ನಡುಬೆರಳಿಗೆ ಮೂರು ಏಟು ಬೇಕಾಯಿತು. ಮಾವನ ಕೂಗು ಮನುಷ್ಯರ ಕೂಗಿನಂತಿರಲಿಲ್ಲ. ರಕ್ತ ದಿಮ್ಮಿಯಿಂದ ನನ್ನ ಚಪ್ಪಲಿಗೆ ಇಳಿಯಿತು. ಉದ್ದನೆಯವನು ಉಂಗುರಬೆರಳನ್ನು ಎಳೆದು ಬಿಡಿಸಿಟ್ಟಾಗ ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. ಹನ್ನೆರಡನ್ನೂ ಹೇಳಿದೆ. ಇನ್ನೊಬ್ಬ ಮೊಬೈಲಿನಲ್ಲಿ ಒತ್ತುತ್ತಾ ಹೋದ. ದುಡ್ಡೆಲ್ಲ ಅವರದಾಗಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಬ್ಯಾಂಕಾಗಿದ್ದರೆ ಫೋನ್ ಮಾಡಿ ತಡೆಸಬಹುದಿತ್ತೇನೋ. ಇಲ್ಲಿ ಹೋದದ್ದು ಹೋಯಿತು. ಹೊರಡುವಾಗ ಉದ್ದನೆಯವನು ನನ್ನ ಕೂದಲು ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ.

ಸುದ್ದಿ ತಿಳಿದು ನರ್ಸಮ್ಮ, ಮಾವನನ್ನು ಸೇರಿಸಿದ್ದ ಆಸ್ಪತ್ರೆಗೆ ಬಂದರು. ನನ್ನನ್ನು ಬೈಯಲಿಲ್ಲ. ಮಾವನ ಬ್ಯಾಂಡೇಜು ಸಡಿಲವಾಗಿದೆಯೆಂದು ತಾವೇ ಬಿಚ್ಚಿ ಕಟ್ಟಿದರು. ಈ ವಯಸ್ಸಿನಲ್ಲಿ ಮತ್ತೆ ಯಾರ ಮನೆಯಲ್ಲಾದರೂ ರೋಗಿ ನೋಡಿಕೊಳ್ಳುವ ಕೆಲಸ ಹುಡುಕಬೇಕು ಎಂದು ಹೇಳಿ ಎದ್ದು ಹೋದರು.

ಮಾವ ನನ್ನತ್ತ ತಿರುಗಿದ.

"ಮೊದಲ್ನೇ ಬೆರಳು ಹೋಗುವಾಗ್ಲೇ ನಿಂಗೆ ಗೊತ್ತಿತ್ತೇನೇ?"

ಗೊತ್ತಿತ್ತು ಎಂದೆ. ಅವನು ಕೈ ನೋಡಿಕೊಂಡ. ನಾಲ್ಕು ಬೈದು ಬಿಡಲಿ ಎಂದು ನಾನು ಕಾದೆ.

"ಹೇಳೋದಾದ್ರೆ ಆಗ್ಲೇ ಹೇಳ್ಬೇಕಿತ್ತು, ಇಲ್ಲಾಂದ್ರೆ ಹೇಳ್ಲೇಬಾರ್ದಿತ್ತು," ಎಂದ. "ಆಯಮ್ಮನ ದುಡ್ಡೂ ಹೋಯ್ತು, ನನ್ನ ಬೆರಳೂ ದಂಡ ಆಯ್ತಲ್ಲೇ."